ಟೊಲೆಡೊದ ಅಕ್ಕನಿಗೊಂದು ಮೇಜುಬಟ್ಟೆ

ಮೊನ್ನೆ ಇಂದಿರಾನಗರದ ಅಂಗಡಿಯೊಂದರಲ್ಲಿ ಕಸೂತಿಯ ರವಿಕೆ ಕಣವನ್ನು ತಿರುಗಿಸಿ ಹಿಂಬದಿ ನೋಡುತ್ತಿದ್ದೆ. ಅಂಗಡಿಯವನು ನಕ್ಕ. "ಒಳಗಡೆ ಯಾರು ನೋಡ್ತಾರೆ ಅಮ್ಮಾ?" ಯಾರು ನೋಡುತ್ತಾರೆಂದು ಹೇಳಹೊರಟರೆ ಟೊಲೆಡೊದವರೆಗೂ ಹೋಗಬೇಕಿತ್ತು. ಅವನಿಗೆ ಪುರುಸೊತ್ತಿರಲಿಲ್ಲ, ನಿಮಗಿದ್ದರೆ ಕೇಳಿ.

ಎಪ್ಪತ್ತರ ದಶಕದ ಮಾತು. ನಾವಾಗ ಹಲಸೂರಿನಲ್ಲಿದ್ದೆವು. ನಮ್ಮ ಯಜಮಾನರ ಕಾರ್ಖಾನೆಗೆ ಸ್ಪೇನಿನಿಂದ ಯಂತ್ರವೊಂದು ಬರುವುದಿತ್ತು; ಪರೀಕ್ಷಿಸಿ ಒಪ್ಪಿಕೊಳ್ಳಲು ಅವರು ಮ್ಯಾಡ್ರಿಡ್ಡಿಗೆ ಹೋಗಬೇಕಾಯಿತು. ಹಟ ಮಾಡಿ ನಾನೂ ಹೊರಟೆ. ಟಿಕೆಟ್ಟಿಗೆ ಒಂದು ಜೊತೆ ಬಳೆ ಹೋಯಿತು, ಹೋಗಲಿ.

ಸುದ್ದಿ ತಿಳಿದು ಸಿಸ್ಟರ್ ಇನೆಸ್ ಹೇಳಿಕಳಿಸಿದರು. ಕಾನ್ವೆಂಟಿನಲ್ಲಿ ನಮಗೆ ಕಸೂತಿ ಕಲಿಸಿದವರು, ಸ್ಪೇನಿನ ಟೊಲೆಡೊ ಊರಿನವರು. ಬಟ್ಟೆಯ ಎಳೆಗಳನ್ನು ಎಣಿಸುತ್ತ ಹಾಕುವ ಹೊಲಿಗೆ ಅವರದು. ಎಣಿಕೆ ಅವರ ಭಾಷೆಯಲ್ಲೇ. ಹಾಗಾಗಿ ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ, ಹುಡುಗಿಯರಾದ ನಮಗೆ ಇಪ್ಪತ್ತರವರೆಗೆ ಸ್ಪ್ಯಾನಿಷ್ ಬರುತ್ತಿತ್ತು, ಅದರಾಚೆ ಒಂದಕ್ಷರವೂ ಇಲ್ಲ. ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕವಾಗಿರಬೇಕು. ಒಂದು ಗಂಟು ಕಂಡರೂ ಇಡೀ ಸಾಲು ಬಿಚ್ಚಿಸುತ್ತಿದ್ದರು.

ಊರಿನ ಅಕ್ಕನಿಗೆಂದು ಅವರು ಶುರುಮಾಡಿದ್ದ ಮೇಜುಬಟ್ಟೆ ಅರ್ಧಕ್ಕೆ ನಿಂತಿತ್ತು. ಕಣ್ಣು ಮಂಜಾಗಿ ಎಳೆ ಕಾಣುತ್ತಿರಲಿಲ್ಲ.

"ಮಿಕ್ಕಿದ್ದು ನೀನು ಹಾಕು ಮಗು. ಅಕ್ಕಂಗೆ ಮಾತ್ರ ಹೇಳ್ಬೇಡ. ನನ್ನ ಕಣ್ಣು ಹೋಯ್ತು ಅಂತ ಗೊತ್ತಾದ್ರೆ ಅಲ್ಲಿ ಅವಳು ಊಟ ಬಿಟ್ಬಿಡ್ತಾಳೆ."

"ಬೇರೆ ಕೈ ಅಂತ ಗೊತ್ತಾಗಲ್ವಾ ಸಿಸ್ಟರ್?"

"ಗೊತ್ತಾಗ್ದೇ ಇರೋ ಹಾಗೆ ಹಾಕು. ಮತ್ಯಾಕೆ ಕಲಿಸಿದ್ದು?"

ಹೊರಡಲು ಮೂರು ತಿಂಗಳಿತ್ತು. ಆ ಮೂರು ತಿಂಗಳಲ್ಲಿ ಎಷ್ಟು ಸಲ ಹಾಲು ಉಕ್ಕಿತೋ, ಎಷ್ಟು ಸಲ ಪಲ್ಯ ಸೀದಿತೋ ಕೇಳಬೇಡಿ.

ಮ್ಯಾಡ್ರಿಡ್ಡಿನಲ್ಲಿ ಯಜಮಾನರಿಗೆ ಬಿಡುವೇ ಸಿಗಲಿಲ್ಲ. "ಒಬ್ಬಳೇ ಹೋಗ್ತೀಯೇನೇ? ರಸೆಲ್ ಮಾರ್ಕೆಟ್ಟಿಗೇ ನಿಂಗೆ ನಾನು ಜೊತೆ ಬೇಕು" ಎಂದರು.

"ಅಲ್ಲಿಗೆ ನಿಮ್ಮನ್ನ ಕರೆಯೋದು ಚೀಲ ಹೊರೋಕೆ ರೀ" ಎಂದು ರೈಲು ಹತ್ತಿದೆ.

ಟೊಲೆಡೊ ಗುಡ್ಡದ ಮೇಲಿನ ಊರು. ಮೂರು ಕಡೆ ಹೊಳೆ, ಹಳೆಯ ಕೋಟೆ, ಜೇನಿನ ಬಣ್ಣದ ಕಲ್ಲುಗೋಡೆಗಳು. ಓಣಿಗಳೋ, ನಮ್ಮ ಶಿವಾಜಿನಗರದ ಸಂದಿಗಳೇ ಅಗಲ ಅನ್ನಿಸುವಷ್ಟು ಇಕ್ಕಟ್ಟು. ಒಂದು ಕಡೆ ಕತ್ತಿ ಮಾಡುವವರ ಸುತ್ತಿಗೆಯ ಸದ್ದು, ಇನ್ನೊಂದು ಕಡೆ ಬಾದಾಮಿ ಮಿಠಾಯಿಯ ಘಮ. ಹಲಸೂರಿನಲ್ಲಿ ನಾನು ಜಂಬ ಪಡುತ್ತಿದ್ದ ಕಾನ್ವೆಂಟ್ ಇಂಗ್ಲಿಷು ಅಲ್ಲಿ ಒಬ್ಬರಿಗೂ ಬೇಡವಾಯಿತು. ಓಣಿಯ ಹೆಸರಿದ್ದ ಚೀಟಿ ತೋರಿಸಿ, ಮನೆ ನಂಬರು ಹದಿನೇಳು ಎನ್ನಲು "ದಿಯೆಸಿಸಿಯೇತೆ" ಎಂದೆ. ಸೀರೆಯುಟ್ಟವಳ ಬಾಯಿಂದ ತಮ್ಮ ಮಾತು ಬಂದ ಖುಷಿಗೆ ತರಕಾರಿ ಮಾರುವ ಹೆಂಗಸರಿಬ್ಬರು ಬಾಗಿಲವರೆಗೂ ಬಂದು ಬಿಟ್ಟುಹೋದರು.

ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಒಳಹೋದೆ. ಹೊಸ್ತಿಲಾಚೆ ನೇರ ಬೀದಿ! ಸಿಸ್ಟರ್‌ರ ಅಕ್ಕ ಪಿಲಾರ್, ಕಪ್ಪು ಉಡುಪಿನ ಮುದುಕಿ, ಓಡಿಹೋಗಿ ಅವನ್ನು ಕೈಯಲ್ಲೇ ಎತ್ತಿ ತಂದು ನನ್ನ ಕಾಲ ಬಳಿ ಇಟ್ಟು ಗದರಿದರು. ಹಿರಿಯರ ಕೈಲಿ ನನ್ನ ಚಪ್ಪಲಿ ಕಂಡು ನಾನು ಹಿಡಿಯಷ್ಟಾದೆ.

ಮೇಜುಬಟ್ಟೆ ಕೊಟ್ಟೆ. ಮುಂಬದಿಯನ್ನು ಅವರು ನೋಡಲೇ ಇಲ್ಲ. ತಿರುಗಿಸಿ, ಹಿಂಬದಿಯ ಸಾಲುಗಳ ಮೇಲೆ ಬೆರಳಾಡಿಸುತ್ತ ಎಣಿಸಿದರು. ನಾನೂ ಮನಸ್ಸಿನಲ್ಲೇ ಎಣಿಸಿದೆ. ನಡುಭಾಗದಲ್ಲಿ, ನಾನು ಹಾಕಿದ ಮೊದಲ ಸಾಲಿನ ಮೇಲೆ, ಬೆರಳು ನಿಂತಿತು. ಸಾಲು ಮುಗಿದಾಗ ಸಿಸ್ಟರ್ ದಾರದ ತುದಿಯನ್ನು ಎಡಕ್ಕೆ ಅಡಗಿಸುತ್ತಿದ್ದರು, ನಾನು ಬಲಕ್ಕೆ. ಪಿಲಾರ್ ನನ್ನನ್ನೇ ನೋಡುತ್ತ ತಮ್ಮ ಕಣ್ಣು ಮುಟ್ಟಿಕೊಂಡರು. ಸುಳ್ಳು ಹೇಳುವಷ್ಟು ಸ್ಪ್ಯಾನಿಷ್ ನನಗೆಲ್ಲಿತ್ತು? ತಲೆ ತಗ್ಗಿಸಿದೆ.

ಸ್ವಲ್ಪ ಹೊತ್ತು ಅತ್ತರು. ಆಮೇಲೆ ನನ್ನ ಕೈ ಎಳೆದುಕೊಂಡು, ಸೂಜಿ ತಾಗಿ ತಾಗಿ ಗಟ್ಟಿಯಾದ ಬೆರಳನ್ನು ಸವರಿ, ಕಿಟಕಿ ತೆರೆದು ಓಣಿಯ ಹೆಂಗಸರನ್ನೆಲ್ಲ ಕೂಗಿದರು. ಐದಾರು ಜನ ಬಂದರು. ನಾನು ಹಾಕಿದ ಅರ್ಧವನ್ನೇ, ಅದರ ಹಿಂಬದಿಯನ್ನೇ, ಬೆಳಕಿಗೆ ಹಿಡಿದು ಕೈಯಿಂದ ಕೈಗೆ ದಾಟಿಸಿದರು. ಅವರ ಮಾತಿನಲ್ಲಿ ನನಗೆ ತಿಳಿದದ್ದು "ಇನೆಸ್", "ಇಂದಿಯಾ" ಎರಡೇ. ಸಾಕಿತ್ತು. ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತೆ.

ಊರಿಗೆ ಬಂದವಳೇ ಕಾನ್ವೆಂಟಿಗೆ ಓಡಿದೆ.

"ತಿರುಗಿಸಿ ನೋಡಿದ್ಲಾ?"

"ನೋಡಿದ್ರು ಸಿಸ್ಟರ್. ಸಿಕ್ಕಿಬಿದ್ದೆ."

ಸಿಸ್ಟರ್ ಇದ್ದಕ್ಕಿದ್ದಂತೆ ನಕ್ಕರು. "ನನಗಿಂತ ಎಂಟು ವರ್ಷ ದೊಡ್ಡೋಳು! ಅವಳ ಕಣ್ಣು ಇನ್ನೂ ಚೆನ್ನಾಗಿದೆ ಹಾಗಾದ್ರೆ!"

ಈಗ ನನ್ನ ಕಣ್ಣಿಗೂ ಪೊರೆ ಬಂದಿದೆ. ಎರಡು ಬಸ್‌ಸ್ಟಾಪಿನಾಚೆ ಇರುವ ಮಗಳಿಗೆ ಹೇಳದೆ ಜಾಣತನದಿಂದ ದಿನ ದೂಡುತ್ತಿದ್ದೆ. ಇದನ್ನೆಲ್ಲ ಬರೆಯುತ್ತ ಕೂತವಳಿಗೆ ತಡೆಯಲಾಗಲಿಲ್ಲ; ಫೋನ್ ಮಾಡಿ ಹೇಳಿಬಿಟ್ಟೆ. "ಇಷ್ಟು ದಿನ ಯಾಕಮ್ಮ ಮುಚ್ಚಿಟ್ಟೆ? ಇರು, ಬಂದೆ" ಎಂದು ರೇಗಿದಳು. ಬಂದು ಬೈಯಲಿ. ಬಂದು ಬೈಯುವಷ್ಟು ಹತ್ತಿರದಲ್ಲಿದ್ದಾಳೆ.