ಬಿಜ್ಜರಗಿ ಇಲ್ಲದ ನಕಾಶೆ

ಮನುಷ್ಯನು ತಾನು ನಿಂತ ನೆಲವನ್ನು ಬಿಟ್ಟು ಹೊರಟ ದಿನವೇ ಜ್ಞಾನದ ಉದಯವಾಯಿತೆಂದು ತಿಳಿದವರು ಹೇಳುತ್ತಾರೆ. ಇರಬಹುದು. ವಿಜಯಪುರದವರಾದ ನಾವು ಮಾತ್ರ ಎಲ್ಲಿಗೆ ಹೊರಟರೂ ಮಧ್ಯಾಹ್ನದ ರೊಟ್ಟಿಗೆ ಮನೆಯಲ್ಲಿರಬೇಕು. ಅಷ್ಟರೊಳಗೆ ಎಷ್ಟು ಜ್ಞಾನ ಉದಯಿಸಿತೋ ಅಷ್ಟಕ್ಕೇ ನಾವು ತೃಪ್ತರು.

ನಮ್ಮ ಊರಿಗೆ ಜನ ದೂರದೂರದಿಂದ ಬರುತ್ತಾರೆ. ಗೋಳಗುಮ್ಮಟ ಹತ್ತಿ, ಏದುಸಿರು ಬಿಡುತ್ತ, ತಮ್ಮ ಹೆಸರನ್ನು ತಾವೇ ಕೂಗಿಕೊಂಡು, ಅದು ಏಳು ಸಲ ತಿರುಗಿ ಬಂದದ್ದನ್ನು ಕೇಳಿ ಸಂತೋಷದಿಂದ ಇಳಿಯುತ್ತಾರೆ. ಮನೆಯಲ್ಲಿ ಒಂದು ಸಲವೂ ಯಾರೂ ಕಿವಿಗೊಡದ ಗೃಹಸ್ಥನಿಗೆ ಇದು ದೊಡ್ಡ ಸಮಾಧಾನವೇ. ನಾನು ಅದರ ನೆರಳಿನಲ್ಲೇ ಮನೆ ಮಾಡಿಕೊಂಡಿದ್ದೇನೆ. ಇಷ್ಟು ವರ್ಷಗಳಲ್ಲಿ ಮೇಲೆ ಹತ್ತಿದ್ದು ಎರಡೇ ಸಲ, ಎರಡು ಸಲವೂ ಬೀಗರ ನೀರಿನ ಬಾಟಲಿ ಹೊತ್ತುಕೊಂಡು. ಇಳಿದು ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: ಇನ್ನೇನಿದೆ ಸುತ್ತಮುತ್ತ, ಒಂದು ದಿನದಲ್ಲಿ ನೋಡಿ ಬರುವಂಥದ್ದು?

ಈ ಪ್ರಶ್ನೆ ಹೊಸದಲ್ಲ. ಇಷ್ಟೆಲ್ಲ ಕಟ್ಟಿಸಿದ ಸುಲ್ತಾನರಿಗೂ ಬೇಸಿಗೆ ಬಂದಿತೆಂದರೆ ಇದೇ ಚಿಂತೆಯಾಗುತ್ತಿದ್ದಿರಬೇಕು. ಊರ ತುಂಬ ಗುಮ್ಮಟ, ಮಹಲು ಎಬ್ಬಿಸಿದ ಮೇಲೆ ಅವನ್ನೆಲ್ಲ ಬಿಟ್ಟು ಕುಮಟಗಿಗೆ ಹೋಗಿ, ಅಲ್ಲಿ ಕೆರೆಯ ದಂಡೆಯ ಮೇಲೆ ಕಾರಂಜಿಯ ಹನಿಗೆ ಮುಖವೊಡ್ಡಿ ಕೂಡಲೆಂದೇ ಇನ್ನೊಂದು ಅರಮನೆ ಕಟ್ಟಿಸಿಕೊಂಡರು. ಆದ್ದರಿಂದ ಒಂದು ದಿನದ ಪ್ರವಾಸವೆಂಬುದು ನಮ್ಮ ನೆಲದ ಪ್ರಾಚೀನ ಸಂಸ್ಥೆ. ಸುಲ್ತಾನರಿಗೂ ನಮಗೂ ಇರುವ ವ್ಯತ್ಯಾಸ ಇಷ್ಟೇ: ದಾರಿಯ ಪ್ರತಿ ಊರಿನಲ್ಲಿ ಇಳಿದು ಚಹ ಕುಡಿಯಲೇಬೇಕೆಂಬ ಕಟ್ಟು ಅವರಿಗೆ ಇರಲಿಲ್ಲ.

ಈ ಇತಿಹಾಸಕ್ಕೆ ಹೊಸ ಅಧ್ಯಾಯ ಸೇರಿಸಲು ಹೊರಟವನು ನನ್ನ ಅಣ್ಣನ ಮಗ ಮಲ್ಲು. ಅವನಿಗೆ ಟಿಕೋಟಾದ ಆಚೆ ಹೊಲವಿದೆ, ಹೊಲದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡು ಇದೆ. ಗೆಳೆಯನೊಬ್ಬನ ಮದುವೆಗೆಂದು ರಾಜಸ್ಥಾನಕ್ಕೆ ಹೋದವನು ಮರಳಿ ಬರುವಾಗ ಎರಡು ರಜಾಯಿ ಮತ್ತು ಒಂದು ವಿಚಾರ ತಂದ. ರಜಾಯಿಗಳಿಂದ ಯಾರಿಗೂ ತೊಂದರೆಯಾಗಲಿಲ್ಲ. ವಿಚಾರವೆಂದರೆ ಮರುಭೂಮಿ ರೆಸಾರ್ಟು.

ಇದರ ಸೊಗಸು ನಿಮಗೆ ತಿಳಿಯಬೇಕಾದರೆ ಒಂದು ಮಾತು ಹೇಳಬೇಕು. ನಮ್ಮ ಸೀಮೆ ತಲೆತಲಾಂತರದಿಂದ ಬರಡಾಗಿತ್ತು. ಬಾವಿಗೆ ಬಿಟ್ಟ ಕೊಡ ಒಣಗಿಯೇ ಮೇಲೆ ಬರುತ್ತಿದ್ದ ಆ ಕಾಲದಲ್ಲಿ, ಇದು ನೋಡತಕ್ಕ ಸ್ಥಳವೆಂದು ಯಾವ ಪುಣ್ಯಾತ್ಮನೂ ಬರಲಿಲ್ಲ. ಈಚೆಗೆ ಕೃಷ್ಣೆಯ ನೀರನ್ನು ಮೇಲೆತ್ತಿ ತಂದು ಕೆರೆಗಳನ್ನು ತುಂಬಿಸಿದರು. ಟಿಕೋಟಾ, ಬಬಲೇಶ್ವರದ ಸುತ್ತ ದ್ರಾಕ್ಷಿ ಪಡಗಳು ಕಣ್ಣು ಕುಕ್ಕುವಷ್ಟು ಹಸಿರಾದವು. ಸರಿಯಾಗಿ ಆ ಮುಹೂರ್ತ ನೋಡಿ ಮಲ್ಲು ಮರುಭೂಮಿ ತೆರೆದ. ಇದ್ದದ್ದನ್ನು ಮಾರುವವನು ವ್ಯಾಪಾರಿ; ಹೋದ ಮೇಲೆ ಮಾರುವವನು ಪ್ರವಾಸೋದ್ಯಮಿ.

ಮರುಭೂಮಿಗೆ ಬೇಕಾದ ಉಸುಕು ಟ್ರ್ಯಾಕ್ಟರಿನಲ್ಲಿ ಬಂತು. ಕಪ್ಪು ಎರೆಮಣ್ಣಿನ ಮೇಲೆ ಅದನ್ನು ಹರವಿದಾಗ, ಯಾರದೋ ಮನೆ ಕಟ್ಟುವ ಕೆಲಸ ಅರ್ಧಕ್ಕೆ ನಿಂತಂತೆ ಕಾಣುತ್ತಿತ್ತು. ಅದರ ಮೇಲೆ ಐದು ಡೇರೆ. ಒಂಟೆಯೊಂದನ್ನು ಸೊಲ್ಲಾಪುರದ ಕಡೆಯಿಂದ ತರಿಸಿದ. ಅದು ಹುಟ್ಟಿದಂದಿನಿಂದ ಡಾಂಬರು ರಸ್ತೆಯನ್ನೇ ಕಂಡ ಪ್ರಾಣಿ. ಉಸುಕಿನ ಅಂಚಿಗೆ ಬಂದು, ಪರಿಚಯವಿಲ್ಲದ ಮದುವೆ ಮನೆಗೆ ಬಂದವರಂತೆ ನಿಂತುಬಿಡುತ್ತಿತ್ತು. ಮೂರನೆಯ ದಿನ ಬೇಲಿ ದಾಟಿ ಪಕ್ಕದವರ ದ್ರಾಕ್ಷಿ ಬಳ್ಳಿ ಮೇಯ್ದು, ಬಂದ ದಾರಿಯಲ್ಲೇ ಮರಳಿ ಹೋಯಿತು.

ಇನ್ನು ನನ್ನ ಪಾತ್ರ. ನಾನು ಭೂಮಾಪಕನಾಗಿ ನಿವೃತ್ತನಾದವನು. ಈ ಸೀಮೆಯಲ್ಲಿ ನನ್ನ ಸರಪಳಿ ಬೀಳದ ಹೊಲವಿಲ್ಲ, ನನ್ನನ್ನು ಬೈಯದ ಬದುವಿನ ಒಡೆಯನಿಲ್ಲ. ಮಲ್ಲು ಒಂದು ದಿನ ಬಂದು ಕುಳಿತ.

“ಕಾಕಾ, ಬಂದ ಮಂದಿ ಉಸುಕಿನ ಮ್ಯಾಲೆ ಎಷ್ಟೊತ್ತಂತ ಕುಂಡ್ರತಾರ? ಮುಂಜಾನೆ ಹೋಗಿ ಊಟಕ್ಕ ವಾಪಸ್ ಬರೂವಂಗ ಒಂದ್ ಟ್ರಿಪ್ ಬರದ ಕೊಡ್ರಿ. ನಕಾಶೆ ಸಮೇತ.”

“ನೋಡಾಕ ಏನೈತಿ ಅಂತ ಬರೀಲೋ?”

“ಅದನ್ನ ನೀವು ಹೇಳ್ರಿ. ನೀವ ಅಲ್ಲೇನ್ರಿ ಎಲ್ಲಾ ಅಳದವ್ರು.”

ಅಳೆದವನಿಗೂ ನೋಡಿದವನಿಗೂ ಇರುವ ಅಂತರ ಅವನಿಗೆ ತಿಳಿಯದು. ನನಗೂ ಆಗ ತಿಳಿದಿರಲಿಲ್ಲ. ಎರಡು ದಿನ ಕುಳಿತು ಕರಪತ್ರ ಬರೆದೆ. ಎಂಟಕ್ಕೆ ನಿರ್ಗಮನ. ಒಂಬತ್ತಕ್ಕೆ ಬಬಲೇಶ್ವರದಲ್ಲಿ ಗ್ರಾಮೀಣ ಪೇಟೆಯ ಅವಲೋಕನ. ಹತ್ತೂವರೆಗೆ ಕಳ್ಳಕವಟಗಿಯಲ್ಲಿ ಕೃಷಿಜೀವನದ ದರ್ಶನ, ದೈವಾನುಕೂಲವಿದ್ದಲ್ಲಿ ಕುರಿಗಳು. ಒಂದಕ್ಕೆ ಸರಿಯಾಗಿ ಡೇರೆಯಲ್ಲಿ ಭೋಜನ. ಕೆಳಗೆ ನಕಾಶೆ: ಊರಿಗೊಂದು ಚುಕ್ಕೆ, ಹಳ್ಳಕ್ಕೊಂದು ಗೆರೆ, ಮೂಲೆಯಲ್ಲಿ ಉತ್ತರದಿಕ್ಕಿನ ಬಾಣ. ಅಚ್ಚಾಗಿ ಬಂದಾಗ ನನ್ನ ಹೆಂಡತಿ ಕನ್ನಡಕ ಏರಿಸಿ ನೋಡಿ, “ಇದರಾಗ ಬಿಜ್ಜರಗಿ ಎಲ್ಲಿ?” ಎಂದಳು. ಜಾಗ ಸಾಲಲಿಲ್ಲ ಎಂದೆ. ಅವಳು ಕನ್ನಡಕ ಇಳಿಸಿದಳು. ಮೂವತ್ತೈದು ವರ್ಷದ ಸಂಸಾರದಲ್ಲಿ ಕನ್ನಡಕ ಇಳಿಸುವುದೂ ಒಂದು ಉತ್ತರವೇ.

ಬಿಜ್ಜರಗಿಯಲ್ಲಿ ನನ್ನ ಅಕ್ಕ ಗಂಗವ್ವ ಇದ್ದಾಳೆ. ಕಳ್ಳಕವಟಗಿಗೆ ನೇರ ದಾರಿ ಅವಳ ಮನೆಯ ಕಟ್ಟೆಯ ಮುಂದೆಯೇ ಹಾದು ಹೋಗುತ್ತದೆ. ಮೂರು ವರ್ಷದ ಹಿಂದೆ ಕಳ್ಳಕವಟಗಿಯ ಮದುವೆಯೊಂದಕ್ಕೆ ಹೊರಟಿದ್ದೆ. ಅಕ್ಷತೆಗೆ ಹೊತ್ತಾಗಿತ್ತು. ಅಕ್ಕ ಕಟ್ಟೆಯ ಮೇಲೆ ಕುಳಿತಿದ್ದಳು. ಜೀಪಿನಿಂದಲೇ ಕೈ ಮಾಡಿ, ಬರುವಾಗ ಬರುತ್ತೇನೆಂದು ಸನ್ನೆ ಮಾಡಿದೆ. ಬರುವಾಗ ಬೀಗರ ಗಾಡಿಯಲ್ಲಿ ಬೇರೆ ದಾರಿಯಿಂದ ಬಂದೆ. ಅವಳು ಎಣಗಾಯಿ ಮಾಡಿ, ರೊಟ್ಟಿ ಬಡಿದಿಟ್ಟು, ಹೊತ್ತು ಮುಳುಗುವ ತನಕ ಉಣ್ಣದೆ ಕುಳಿತಿದ್ದಳೆಂದು ಆಮೇಲೆ ತಿಳಿಯಿತು. ನಮ್ಮ ಕಡೆ ಬೈದವರನ್ನು ಕ್ಷಮಿಸುತ್ತಾರೆ, ಬದು ಒತ್ತಿದವರನ್ನೂ ಒಂದು ದಿನ ಕ್ಷಮಿಸುತ್ತಾರೆ. ಬಾಗಿಲ ಮುಂದೆ ಹಾದು ಇಳಿಯದೆ ಹೋದವನನ್ನು ಕ್ಷಮಿಸುವ ಪದ್ಧತಿಯಿಲ್ಲ. ಅಂದಿನಿಂದ ಮೂರು ಪಂಚಮಿಗೆ ಅವಳು ತವರಿಗೆ ಬರಲಿಲ್ಲ. ಜೋಕಾಲಿ ಕಟ್ಟಿದೆವು, ಬಿಚ್ಚಿದೆವು. ಫೋನು ಮಾಡಿದರೆ ಅವಳ ಸೊಸೆ ಎತ್ತಿಕೊಂಡು, “ಅತ್ತಿ ಹೊಲಕ್ಕ ಹೋಗ್ಯಾರ್ರಿ” ಅನ್ನುತ್ತಿದ್ದಳು. ಹಿಂದಿನಿಂದ ಅಕ್ಕನ ಕೆಮ್ಮು ಸ್ಪಷ್ಟವಾಗಿ ಕೇಳುತ್ತಿತ್ತು.

ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಎದುರಿಗೆ ಹೋಗಿ ತಪ್ಪಾಯಿತೆಂದು ಹೇಳಿದ್ದರೆ ಒಂದು ಗಂಟೆಯ ಕೆಲಸ. ನಾನು ಅದರ ಬದಲು ಒಂದು ಊರನ್ನೇ ನಕಾಶೆಯಿಂದ ತೆಗೆದು, ಪ್ರವಾಸಿಗರನ್ನು ಸುತ್ತುದಾರಿಯಲ್ಲಿ ಕರೆದೊಯ್ಯುವ ವ್ಯವಸ್ಥೆ ಮಾಡಿದೆ. ಸರಕಾರಿ ನೌಕರಿಯ ಶಿಸ್ತು ಹಾಗೆ ಬಿಡುವುದಿಲ್ಲ.

ಮೊದಲ ಅತಿಥಿಗಳಾಗಿ ಬಂದವರು ಮಂಗಳೂರಿನ ವಾಸುದೇವರಾಯರು ಮತ್ತು ಅವರ ಹೆಂಡತಿ ಸುಮತಿ. ಜೀವಮಾನವೆಲ್ಲ ಮಳೆಯಲ್ಲಿ ನೆನೆದವರು, ಒಣಗಲೆಂದು ಬಂದಿದ್ದರು. ಜೀಪು ಮಲ್ಲು ನಡೆಸಿದ. ದಾರಿ ಹೇಳಲು ನಾನು ಮುಂದೆ ಕುಳಿತೆ. ಇಕ್ಕೆಲದ ಹಸಿರು ನೋಡಿ ರಾಯರು, “ಅಲ್ಲ ಮಾರಾಯ್ರೆ, ಮರುಭೂಮಿ ಎಲ್ಲಿಂದ ಶುರು ಆಗುವುದು?” ಎಂದು ಕೇಳಿದರು.

“ನೀವು ರಾತ್ರಿ ಮಲಗಿದ್ರಲ್ರಿ, ಅಷ್ಟ ಜಾಗಾದಾಗ ಐತ್ರಿ” ಎಂದ ಮಲ್ಲು.

ಒಂಬತ್ತಕ್ಕೆ ಸರಿಯಾಗಿ ಬಬಲೇಶ್ವರ ಮುಟ್ಟಿದೆವು. ಕರಪತ್ರ ನಿಜವಾದದ್ದು ಅಲ್ಲಿಗೇ ಮುಗಿಯಿತು. ಹಿಂದೆ ನನ್ನ ಸರಪಳಿ ಹಿಡಿಯುತ್ತಿದ್ದ ಶಂಕ್ರೆಪ್ಪ ಪೇಟೆಯಲ್ಲಿ ನನ್ನನ್ನು ಕಂಡುಬಿಟ್ಟ. ಅವನ ಮನೆಯಲ್ಲಿ ಚುರುಮುರಿಯ ಸೂಸಲ, ಮಿರ್ಚಿ ಭಜಿ, ಚಹ. ಏಳುವಷ್ಟರಲ್ಲಿ ಅವನ ತಮ್ಮ ಬಾಗಿಲಲ್ಲಿ ನಿಂತು, “ಅಣ್ಣನ ಮನಿಯಾಗ ಚಾ ಕುಡದು ನಮ್ಮನಿ ಬಿಟ್ಟ ಹೋದ್ರ ಊರಾಗ ನಾ ಹೆಂಗ ತಿರಗಾಡ್ಲಿರಿ ಸಾಹೇಬ್ರ?” ಎಂದ. ಎರಡನೆಯ ಚಹ. ಆ ಚಹ ಸಪ್ಪಗಿತ್ತೆಂದು ಅವನ ಹೆಂಡತಿಗೆ ಸಂಶಯ ಬಂದು ಮೂರನೆಯದು. ರಸ್ತೆಯ ಉದ್ದವನ್ನು ಮಾರು ಮಾರಾಗಿ ಅಳೆದವನು ನಾನು. ದಾರಿಯ ಬದಿಯ ಒಲೆಗಳನ್ನು ಲೆಕ್ಕಕ್ಕೆ ಹಿಡಿಯದೆ ವೇಳಾಪಟ್ಟಿ ಬರೆದಿದ್ದೆ. ಪರ ಊರಿನವನು ಮಾಡಿದ್ದರೆ ಇದನ್ನು ಅಜ್ಞಾನವೆನ್ನಬಹುದಿತ್ತು.

ಹೊರಬಿದ್ದಾಗ ಹನ್ನೆರಡು ಹೊಡೆದಿತ್ತು. ಸುಮತಿಯವರು ಕರಪತ್ರ ಮಡಿಲಲ್ಲಿಟ್ಟುಕೊಂಡು ಮೊಬೈಲಿನಲ್ಲಿ ದಾರಿ ನೋಡುತ್ತಿದ್ದರು. “ಇಲ್ಲಿ ನೇರ ದಾರಿ ಒಂದು ಉಂಟಲ್ಲ, ಬಿಜ್ಜರಗಿ ಅಂತ ಊರಿನ ಮೇಲೆ. ನಾವು ಯಾಕೆ ಇಷ್ಟು ಸುತ್ತಿ ಹೋಗುವುದು?”

“ಆ ದಾರಿ ಚಲೋ ಇಲ್ಲ” ಎಂದೆ.

“ದಾರಿ ಚಲೋನ ಐತ್ರಿ ಅಕ್ಕಾರ” ಎಂದ ಮಲ್ಲು, ಮುಖ ತಿರುಗಿಸದೆ. “ಕಾಕಾಗ ಚಲೋ ಇಲ್ಲ.” ಮತ್ತು ಗಾಡಿ ಆ ಕಡೆಗೇ ತಿರುಗಿಸಿದ.

ಬಿಜ್ಜರಗಿ ಬರುತ್ತಲೇ ನಾನು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಕಾಲಿನ ಬಳಿ ಏನೋ ಬಿದ್ದಿದೆಯೆಂಬಂತೆ ಬಗ್ಗಿದೆ. ಜೀಪು ನಿಂತಿತು. ತಲೆ ಎತ್ತಿ ನೋಡಿದರೆ ರಸ್ತೆ ತುಂಬ ಕುರಿಗಳು. ದೈವಾನುಕೂಲವಿದ್ದಲ್ಲಿ ಎಂದು ನಾನೇ ಬರೆದಿದ್ದೆ. ಎಡಕ್ಕೆ ಅಕ್ಕನ ಕಟ್ಟೆ. ಕಟ್ಟೆಯ ಮೇಲೆ ಅಕ್ಕ, ಮುಂದೆ ಮೊರದಲ್ಲಿ ಒಣದ್ರಾಕ್ಷಿ, ಕಡ್ಡಿ ಆರಿಸುತ್ತಿದ್ದಾಳೆ.

ಅವಳು ನನ್ನ ಕಡೆ ನೋಡಲೇ ಇಲ್ಲ. ನೇರ ಹಿಂದಿನ ಸೀಟಿಗೆ ಮಾತಾಡಿದಳು. “ಇಳೀರಿ ಬಾಯಾರ, ನೀವೂ ಇಳೀರಿ. ಊಟದ ಹೊತ್ತಿನಾಗ ಬಿಸಲಾಗ ಕುಂಡ್ರಿಸಿಕೊಂಡ ತಿರಗಸಾಕತ್ತಾನಲ್ಲ, ಯಾವನ್ರಿ ಅವ?”

“ಇವರು ಗೈಡು” ಎಂದರು ರಾಯರು, ಪಾಪ, ಸಹಾಯ ಮಾಡಲೆಂದು.

“ಹೌದೇನ್ರಿ. ಹಂಗಾದ್ರ ಗೈಡಿಗೂ ಕಾಲಿಗೆ ನೀರ ಕೊಡಬೇ” ಎಂದು ಸೊಸೆಗೆ ಹೇಳಿ ಒಳಗೆ ನಡೆದಳು.

ಪಂಕ್ತಿ ಹಾಕಿದರು. ಕಡಕ್ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿಯ ಚಟ್ನಿಪುಡಿ, ಗಟ್ಟಿ ಮೊಸರು. ಮಂಗಳೂರಿನವರು ರೊಟ್ಟಿ ಮುರಿಯುವ ಸದ್ದಿಗೇ ಬೆರಗಾದರು. ನನ್ನ ಊಟವೆಲ್ಲ ಮೂರನೆಯವರ ಮೂಲಕ ನಡೆಯಿತು. “ಸರ್ವೆ ಸಾಹೇಬ್ರಿಗೆ ಕೇಳ್ರಿ, ಮೊಸರ ಹಾಕ್ಲ್ಯಾ, ಏನ್ ಬರೂವಾಗ ಉಣತಾರೋ.” ಸುಮತಿಯವರು ನನ್ನ ಕಡೆ ತಿರುಗಿ ಅದನ್ನು ಶುದ್ಧ ಕನ್ನಡದಲ್ಲಿ ಕೇಳಿದರು. ಮಲ್ಲು ತಟ್ಟೆಯೊಳಗೆ ತಲೆ ಹುದುಗಿಸಿ ಭುಜ ಕುಲುಕಿಸುತ್ತಿದ್ದ.

ಇಷ್ಟಕ್ಕೇ ಬಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆದರೆ ಸುಮತಿಯವರು ಉಪಕಾರ ಬುದ್ಧಿಯವರು. “ಇಷ್ಟು ಒಳ್ಳೆಯ ಊರು, ನಕಾಶೆಯಲ್ಲಿ ಕಾಣುವುದೇ ಇಲ್ಲವಲ್ಲ” ಎಂದು ಕರಪತ್ರ ತೆಗೆದು ಸೊಸೆಯ ಕೈಗೆ ಕೊಟ್ಟರು. ಸೊಸೆ ಗಟ್ಟಿಯಾಗಿ ಓದಿದಳು. ಟಿಕೋಟಾ ಇತ್ತು. ಬಬಲೇಶ್ವರ ಇತ್ತು. ಕಳ್ಳಕವಟಗಿ ಇತ್ತು. ಹೆಸರಿಲ್ಲದ ಹಳ್ಳವೂ ಇತ್ತು. ಕೊನೆಗೆ “ನಕಾಶೆ ತಯಾರಿಸಿದವರು” ಎಂದು ನನ್ನ ಹೆಸರು, ಹುದ್ದೆ, ನಿವೃತ್ತ ಎಂಬುದರ ಸಮೇತ ಇತ್ತು.

ಅಕ್ಕನ ಕೈಯಲ್ಲಿದ್ದ ಸೌಟು ನಿಂತಿತು. ಮನೆಯೊಳಗೆ ರೊಟ್ಟಿ ಮುರಿಯುವ ಸದ್ದೂ ನಿಂತಿತು. ಹೊಲದ ಬದು ಎಲ್ಲಿದೆಯೆಂದು ಕೇಳಿದಾಗ ಎಷ್ಟೋ ಜನರ ಎದುರು ಧೈರ್ಯವಾಗಿ ಬೆರಳು ತೋರಿಸಿದವನು ನಾನು. ಆ ಹೊತ್ತು ಬೆರಳು ಎಣಗಾಯಿಯಲ್ಲಿ ಸಿಕ್ಕಿಕೊಂಡಿತ್ತು.

“ನಿನ್ನ ಕಣ್ಣಿಗೆ ಬೀಳಬಾರದಂತ ಬಿಟ್ಟೆನವ್ವ” ಎಂದೆ. “ಆವತ್ತ ಇಳೀಬೇಕಾಗಿತ್ತು. ಇಳೀಲಿಲ್ಲ. ಆಮ್ಯಾಲೆ ಇಳ್ಯಾಕ ಮುಖ ಇರಲಿಲ್ಲ.”

ಅವಳು ಮೂರು ವರ್ಷದ ಮೇಲೆ ಮೊದಲ ಸಲ ನನ್ನ ಮುಖ ನೋಡಿದಳು. ನೋಡುವುದರಲ್ಲಿ ಅವಸರವಿರಲಿಲ್ಲ.

“ಅದಕ್ಕಂತ ಇಡೀ ಊರ ನುಂಗಿದೇನ ಲೇ?” ಎಂದಳು. “ನನ್ನ ಮ್ಯಾಲಿನ ಅಂಜಿಕಿಗೆ ಉಳದ ಮಂದಿ ಏನ ಮಾಡಿದ್ರೋ, ಮೂಳ?” ಆಮೇಲೆ ಸೌಟು ಅದ್ದಿ ನನ್ನ ತಟ್ಟೆಗೆ ಇನ್ನೊಂದು ಬದನೆಕಾಯಿ ಬಡಿಸಿ, “ಉಣ್ಣು. ಆರಾಕತ್ತೈತಿ” ಎಂದಳು.

ವಾಸುದೇವರಾಯರಿಗೆ ಏನು ನಡೆಯಿತೆಂಬುದು ಅರ್ಥವಾಗಲಿಲ್ಲ. ಆದರೂ ಗಂಡಸರಿಗೆ ತಿಳಿಯದ ಹೊತ್ತಿನಲ್ಲಿ ಮಾಡಬೇಕಾದದ್ದನ್ನೇ ಮಾಡಿದರು: ಇನ್ನೊಂದು ರೊಟ್ಟಿ ಕೇಳಿದರು.

ಕಳ್ಳಕವಟಗಿಯ ಕೃಷಿಜೀವನವನ್ನು ಆ ದಿನ ಯಾರೂ ದರ್ಶಿಸಲಿಲ್ಲ. ರಾಯರು ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಸಂಜೆಯವರೆಗೆ ನಿದ್ದೆ ಮಾಡಿದರು. ಸುಮತಿಯವರು ಅಕ್ಕನ ಜೊತೆ ಕಟ್ಟೆಯ ಮೇಲೆ ಕುಳಿತು ಒಣದ್ರಾಕ್ಷಿ ಆರಿಸುತ್ತ, ಎರಡೂ ಮನೆಗಳ ಗಂಡಸರ ಗುಣದೋಷಗಳನ್ನು ಅವಲೋಕಿಸಿದರು. ಡೇರೆಯ ಭೋಜನ ಡೇರೆಯಲ್ಲೇ ಆರಿತು. ಮರುದಿನ ಹೊರಡುವಾಗ ಮಲ್ಲುವಿನ ಅತಿಥಿ ಪುಸ್ತಕದಲ್ಲಿ ರಾಯರು ಬರೆದದ್ದು ಒಂದೇ ಸಾಲು: ಉಸುಕು ಚೊಕ್ಕಟವಾಗಿದೆ, ನೋಡತಕ್ಕ ಸ್ಥಳ ನಕಾಶೆಯಲ್ಲಿ ಇಲ್ಲ.

ಇಂಥ ಪ್ರಶಂಸೆಯನ್ನು ತಾಳಿಕೊಂಡು ಯಾವ ಉದ್ಯಮವೂ ಬಹಳ ದಿನ ನಡೆಯದು. ಮಲ್ಲು ಸುಗ್ಗಿಯ ತನಕ ಕಾದು, ಮರುಭೂಮಿ ಮುಚ್ಚಿದ. ಕರಪತ್ರಗಳು ನಮ್ಮ ಮನೆಯಲ್ಲಿ ಕಪಾಟಿನ ತಳಕ್ಕೆ ಹಾಸಲು ಸರಿಯಾದ ಅಳತೆಯವೆಂದು ಹೆಂಡತಿ ಕಂಡುಕೊಂಡಳು. ಅಳತೆಯಲ್ಲಿ ನನ್ನದು ತಪ್ಪುವುದಿಲ್ಲ.

ಡೇರೆಗಳಲ್ಲಿ ಈಗ ದ್ರಾಕ್ಷಿ ಪೆಟ್ಟಿಗೆ ಇಟ್ಟಿದ್ದಾರೆ. ಆ ಉಸುಕು ಬಳಸಿ ಮಲ್ಲು ದನದ ಕೊಟ್ಟಿಗೆ ಕಟ್ಟಿಸಿದ. ಅಕ್ಕ ಈ ಸಲ ಪಂಚಮಿಗೆ ಬಂದಳು. ಐದು ದಿನ ಇದ್ದು, ಶೇಂಗಾ ಉಂಡಿಗೆ ಬೆಲ್ಲ ಕಡಿಮೆಯಾಗಿದೆ ಎಂದು ಹೇಳಿ ಹೋದಳು.