ಭಾವನ ಕಪ್ಪು ಬಿಯರು

ನಮ್ಮ ಭಾವ ಮರಿಯಪ್ಪ ಏನನ್ನೇ ಆಗಲಿ ಮೂಸದೆ ಬಾಯಿಗೆ ಇಡುತ್ತಿರಲಿಲ್ಲ. ಅಕ್ಕ ಬಡಿಸಿದ ಬಿಸಿ ಮುದ್ದೆಯ ಹತ್ತಿರಕ್ಕೂ ಮೂಗು ತಂದು, ಕಣ್ಣು ಮುಚ್ಚಿ, ಜಪಕ್ಕೆ ಕೂತವನಂತೆ ಒಂದು ಗಳಿಗೆ ಕೂರುತ್ತಿದ್ದ. ಆಮೇಲೆ ತೀರ್ಪು. "ಹಿಟ್ಟು ಇನ್ನೂ ಚೂರು ಬೇಯ್ಬೇಕಿತ್ತು ಕಣೇ ಚೆನ್ನಿ." ಬೆಳಗಿನಿಂದ ಹೊಲದಲ್ಲಿ ಕಳೆ ಕಿತ್ತು ಬಂದು, ಒಲೆ ಊದಿ, ಮುದ್ದೆ ತಿರುವಿದವಳು ಅಕ್ಕ. ತೀರ್ಪು ಕೊಡುವ ಮಹಾನುಭಾವ ಹೊಲದ ಕಡೆ ತಲೆ ಹಾಕಿ ತಿಂಗಳಾಗಿರುತ್ತಿತ್ತು. ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಇವತ್ತಿಗೂ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ದೊಡ್ಡಬೆಳವಂಗಲದ ಹತ್ತಿರ ಅವನಿಗೆ ಒಳ್ಳೆಯ ಹೊಲವಿತ್ತು. ಅದನ್ನು ಅಕ್ಕನಿಗೂ ಆಳು ಹನುಮನಿಗೂ ಒಪ್ಪಿಸಿ, ಇವನು ಬೆಂಗಳೂರು ದಂಡಿನಲ್ಲಿ ಒಬ್ಬ ಜರ್ಮನ್ ದೊರೆಯ ಬಂಗಲೆಯಲ್ಲಿ ಬಟ್ಲರ್ ಆಗಿದ್ದ. ಯುದ್ಧ ಶುರುವಾಯಿತು. ಪೊಲೀಸರು ದೊರೆಯನ್ನು ಕರೆದುಕೊಂಡು ಹೋಗಿ ಯಾವುದೋ ಕ್ಯಾಂಪಿನಲ್ಲಿ ಕೂಡಿಹಾಕಿದರು. ಭಾವ ಊರಿಗೆ ಬಂದ. ಮೈಮೇಲೆ ದೊರೆ ಕೊಟ್ಟ ಕೋಟು, ಕೈಯಲ್ಲಿ ಒಂದು ಟ್ರಂಕು, ಟ್ರಂಕಿನಲ್ಲಿ ಒಂದು ಗಾಜಿನ ಲೋಟ ಮತ್ತು ಒಂದು ಡಜನ್ ಬಾಟ್ಲಿ. ಬಾಟ್ಲಿಯ ಚೀಟಿಯ ಮೇಲೆ ಕೊಂಬು ಚಾಚಿ ನಿಂತ ಹೋತದ ಚಿತ್ರ. ಊರವರು ಅದನ್ನು ನೋಡಿ ಅವನಿಗೆ 'ಹೋತದ ಬಟ್ಲರ್' ಎಂದು ಹೆಸರಿಟ್ಟರು. ಅವನು ಅದನ್ನೂ ಬಿರುದು ಎಂದುಕೊಂಡ.

ಒಳಗಿದ್ದದ್ದು ಕಪ್ಪು ಬಿಯರು. ಬಾಕ್ ಬಿಯರು ಎನ್ನುತ್ತಿದ್ದ; ಜರ್ಮನ್ ಮಾತಿನಲ್ಲಿ ಬಾಕ್ ಎಂದರೆ ಹೋತವಂತೆ. ಹಬ್ಬಕ್ಕೊಂದು ಬಾಟ್ಲಿ ತೆಗೆದು, ನಡು ಮಧ್ಯಾಹ್ನ ಜಗಲಿಯ ಮೇಲೆ ಕೂತು, ಎಲ್ಲರಿಗೂ ಕಾಣುವ ಹಾಗೆ ಲೋಟಕ್ಕೆ ಬಗ್ಗಿಸುತ್ತಿದ್ದ. ನಾನು ಆಗಷ್ಟೇ ದೊಡ್ಡಬಳ್ಳಾಪುರದಲ್ಲಿ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದೆ. ಅಕ್ಕನನ್ನು ನೋಡಲು ಹೋದಾಗಲೆಲ್ಲ ನನಗೇ ಪಾಠ.

"ಕಪ್ಪು ಅಂತೀಯ ಅಲ್ವಾ ಮೇಷ್ಟ್ರೇ? ಬಿಸ್ಲಿಗೆ ಹಿಡ್ದು ನೋಡು. ಒಳಗೆ ಕೆಂಪಿದೆ. ಈಗ ವಾಸ್ನೆ. ಬಾಯಿಗೆ ಹಾಕ್ಕೊಂಡ ತಕ್ಷಣ ನುಂಗ್ಬಾರ್ದು, ನಾಲ್ಗೆ ಮೇಲೆ ಹೊರಳಾಡುಸ್ಬೇಕು. ಮೊದ್ಲು ಬೆಲ್ಲದ ಪಾಕ ಬರ್ತದೆ. ಆಮೇಲೆ ರೊಟ್ಟಿ ಅಂಚು ಸೀದಿರ್ತದಲ್ಲ, ಅದು. ಕೊನೇಲಿ ಒಂಚೂರೇ ಕಹಿ ಬಂದು ಸಿಹೀನೆಲ್ಲ ಒರೆಸ್ಕೊಂಡು ಹೋಗ್ತದೆ. ಗೊತ್ತಾಯ್ತಾ?"

"ಕೊಟ್ರೆ ತಾನೇ ಗೊತ್ತಾಗೋದು?"

"ನಿನ್ ನಾಲ್ಗೆಗೆ ದಂಡ ಕಣೋ."

ಒಂದು ತೊಟ್ಟೂ ಕೊಟ್ಟವನಲ್ಲ. ಊರವರ ಹೆಂಡ ಅವನ ಪಾಲಿಗೆ ಕಲಗಚ್ಚು. ದಂಡಿನ ಬಿಳಿ ಸೋಲ್ಜರುಗಳು, ಆ ಟಾಮಿಗಳು, ಕುಡಿಯುವ ಹಳದಿ ಬಿಯರು ಕುದುರೆ ಉಚ್ಚೆ. ನಾವೆಲ್ಲ ದನ. ಲೋಕದಲ್ಲಿ ನಾಲಿಗೆ ಅಂತ ಇದ್ದದ್ದು ಇಬ್ಬರಿಗೇ, ಒಬ್ಬ ದೊರೆ, ಇನ್ನೊಬ್ಬ ಇವನು. ಆಹಾ, ಎಂಥ ಜೋಡಿ!

ಆ ವರ್ಷ ರಾಗಿ ಚೆನ್ನಾಗಿ ಆಗಿತ್ತು. ಅಕ್ಕ ಹೆರಿಗೆಗೆಂದು ತೂಬಗೆರೆಗೆ, ನಮ್ಮ ಮನೆಗೆ ಬಂದಿದ್ದಳು. ಬಾಣಂತನ ಮುಗಿಸಿ ಕೂಸನ್ನು ಎತ್ತಿಕೊಂಡು ವಾಪಸು ಹೋಗುವ ಹೊತ್ತಿಗೆ ಮನೆ ಮುಂದಿನ ಹಗೇವಿನ ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿ, ಸಗಣಿ ಸಾರಿಸಿ ಆಗಿತ್ತು. "ಹತ್ತು ಪಲ್ಲ ತುಂಬ್ಸಿದ್ದೀನಿ," ಎಂದ ಭಾವ. ಕಣದ ಕೆಲಸ ಮುಗಿಯುವ ಮೊದಲೇ ಹನುಮನನ್ನು ಅವನ ಊರಿಗೆ ಕಳಿಸಿದ್ದ. ನೆಲದೊಳಗಿನ ಆ ಗುಂಡಿಯಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಆದರೆ ಒಮ್ಮೆ ಬಾಯಿ ತೆಗೆದರೆ ಪೂರ್ತಿ ಹೊರಗೆ ತೆಗೆಯಬೇಕು. ಅದಕ್ಕೇ ತೀರಾ ಕಷ್ಟ ಬರುವ ತನಕ ಯಾರೂ ಹಗೇವು ಮುಟ್ಟುವುದಿಲ್ಲ. ಗಂಡ ಒಂದಾದರೂ ಕೆಲಸ ಮಾಡಿದನಲ್ಲ ಎಂದು ಅಕ್ಕನಿಗೆ ಹಿಗ್ಗೋ ಹಿಗ್ಗು. ಶುಕ್ರವಾರ ಬಂದರೆ ಆ ಚಪ್ಪಡಿಗೆ ಅರಿಶಿನ ಕುಂಕುಮ. ಯಾರು ಏನು ಕಷ್ಟ ಹೇಳಿಕೊಂಡರೂ, "ನಮ್ದೇನಪ್ಪಾ, ಹಗೇವಿದೆ," ಎನ್ನುವಳು.

ಕೂಸಿಗೆ ಆರು ತಿಂಗಳು ತುಂಬಿದಾಗ ನಾನು ಅಲ್ಲಿದ್ದೆ. ಅಕ್ಕ ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿ ಹುರಿಯುತ್ತಿದ್ದಳು. ಜಗಲಿಯಲ್ಲಿ ಬಿಯರಿನ ಲೋಟ ಹಿಡಿದು ಕೂತಿದ್ದ ಭಾವ ಮೂಗು ಮೇಲೆತ್ತಿ ಅಡುಗೆಮನೆಗೆ ಓಡಿದ. "ಇಳುಸ್ಬೇಡ! ಇನ್ನೊಂದ್ ಗಳಿಗೆ ಹುರಿ!" ಎಂದು ಕೂಗಿ, ತನ್ನ ಲೋಟವನ್ನು ಅವಳ ಬಾಯಿಗೇ ಹಿಡಿದ. ಅಕ್ಕ ತುಟಿಗೆ ತಾಗಿಸಿ ಮುಖ ಕಿವುಚಿದಳು.

"ಅಯ್ಯೋ, ಇದು ನಮ್ಮ ಮಗೀನ ಗಂಜಿ ಅಲ್ವಾ? ಮೊಳಕೆ ರಾಗೀನ ಹುರಿದು ಬೆಲ್ಲ ಹಾಕಿ ಎರಡು ದಿನ ಮರೆತುಬಿಟ್ಟಂಗಿದೆ. ಇದಕ್ಕೇನಾ ಇಷ್ಟೆಲ್ಲ ಆಟ?"

ಭಾವ ಲೋಟ ಕೆಳಗಿಟ್ಟ. "ಹದಿನೈದು ವರ್ಷ ಬೇಕಾಯ್ತು ಕಣೇ ನಂಗೆ, ಇದು ಮೊಳಕೆ ಕಾಳು ಹುರ್ದು ಮಾಡೋದು ಅಂತ ಗೊತ್ತಾಗೋಕೆ," ಎಂದ. ಅವನು ಇನ್ನೊಬ್ಬರನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಯುದ್ಧ ಎಳೆದುಕೊಂಡೇ ಹೋಯಿತು. ಮೂರನೆಯ ವರ್ಷ ಬೆಳೆ ಅರೆಬರೆ, ಬೆಳೆದದ್ದರಲ್ಲಿ ದೊಡ್ಡ ಪಾಲು ಸರ್ಕಾರದ ಲೆವಿ ವಸೂಲಿಗೆ ಹೋಯಿತು. ಅಕ್ಕನ ಮನೆಯಲ್ಲಿ ಒಂದು ಹೊತ್ತಿನ ಮುದ್ದೆಗೆ ಬಂತು. ಹಗೇವು ತೆಗೆಸೋಣ ಎಂದು ನನಗೆ ಹೇಳಿಕಳಿಸಿದಳು. ನಾನು ಹೋದಾಗ ಭಾವ ಒಂದೇ ಸಮ ಗೊಣಗುತ್ತಿದ್ದ: "ಇನ್ನೆರಡು ವರ್ಷ ಬಿಟ್ರೆ ಒಳ್ಳೇದಿತ್ತು. ಈಗ್ಲೇ ತೆಗ್ದು ಹಾಳ್ಮಾಡ್ತೀರ." ರಾಗಿಯ ಮಾತೆಂದೇ ನಾವೆಲ್ಲ ತಿಳಿದೆವು.

ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ. ಒಳಗೆ ಕಟ್ಟಿದ ಕೆಟ್ಟ ಗಾಳಿಗೆ ಆಳು ಸತ್ತೇಹೋಗಬಹುದು. ಒಂದು ದಿನ ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡಬೇಕು. ಮಾರನೆಯ ಬೆಳಿಗ್ಗೆ ಹನುಮ ದೀಪ ಇಳಿಬಿಟ್ಟ. ಅದು ಉರಿಯುತ್ತಲೇ ಕೆಳಗೆ ಹೋಯಿತು.

"ಗಾಳಿ ಚೆನ್ನಾಗೈತೆ ಅವ್ವಾ, ಇಳೀತೀನಿ," ಎಂದ ಹನುಮ ಖುಷಿಯಾಗಿ.

ಅಕ್ಕ ಹಗೇವಿನ ಬಾಯಿಗೆ ಬಗ್ಗಿ ನೋಡಿದಳು. "ಹಗ್ಗ ಎಷ್ಟು ಬಿಟ್ಟೆ?"

"ಎರಡಾಳು."

"ಒಂದು ಮೊಳಕ್ಕೇ ರಾಗಿ ಸಿಗಬೇಕಿತ್ತಲ್ಲೋ," ಎಂದು ಅಲ್ಲೇ ಕುಸಿದು ಕೂತಳು.

ಹನುಮ ಇಳಿದು, ಹುಲ್ಲು ಸುತ್ತಿದ ಬಾಟ್ಲಿಗಳನ್ನು ಬುಟ್ಟಿಗೆ ಹಾಕಿ ಮೇಲೆ ಕಳಿಸಿದ. ಒಂದೊಂದರ ಮೇಲೂ ಹೋತ. ಒಂದು ಕಾಳು ರಾಗಿ ಇರಲಿಲ್ಲ.

"ದೊರೆ ಸಾಮಾನೆಲ್ಲ ಹರಾಜ್ ಹಾಕ್ಬಿಟ್ರು ಚೆನ್ನಿ," ಎಂದ ಭಾವ. "ಆ ಟಾಮಿಗಳ ಪಾಲಾಗ್ತಿತ್ತು. ಗಟಗಟ ಕುಡ್ದು ಬಿಸಾಕೋರು. ನೋಡ್ಕೊಂಡು ಹೆಂಗಿರ್ಲಿ? ರಾಗೀನ ಕಣದಿಂದ್ಲೇ ಸಾಹುಕಾರ್‍ರಿಗೆ ಕೊಟ್ಟು, ಆ ದುಡ್ಡಲ್ಲಿ ಇವನ್ನೆಲ್ಲ ಕೊಂಡ್ಕೊಂಡ್ಬಿಟ್ಟೆ. ಕತ್ಲು ಬೇಕು, ತಂಪು ಬೇಕು, ಅಲುಗಾಡ್ಬಾರ್ದು ಅಂತಿದ್ರು ದೊರೆ. ಹಗೇವಿಗಿಂತ ಒಳ್ಳೇ ಜಾಗ ಎಲ್ಲಿದೆ?"

ನನ್ನ ಕೈ ಅವನ ಕೊರಳಪಟ್ಟಿಗೆ ಹೋಗಿತ್ತು. ಅಕ್ಕ ನನ್ನನ್ನು ಪಕ್ಕಕ್ಕೆ ತಳ್ಳಿ, ಒಂದು ಬಾಟ್ಲಿಯನ್ನು ಅವನ ಮೂಗಿಗೆ ಹಿಡಿದಳು.

"ಮೂಸಿ. ಇದರಲ್ಲಿ ಎಷ್ಟು ಸೇರು ರಾಗಿ ಇದೆ, ಮೂಸಿ ಹೇಳಿ."

ಬೇರೆ ಯಾರೇ ಆಗಿದ್ದರೂ ತಲೆ ತಗ್ಗಿಸುತ್ತಿದ್ದರು. ಈ ಪ್ರಾಣಿ ಬಾಟ್ಲಿ ಇಸಿದುಕೊಂಡು, ಮುಚ್ಚಳದ ತಂತಿ ಎಬ್ಬಿಸಿ, ನಿಜಕ್ಕೂ ಮೂಸಿತು! ಮುಚ್ಚಳದ ರಬ್ಬರು ಬಿರುಕು ಬಿಟ್ಟಿತ್ತು. ಒಂದು ಗುಟುಕು ಬಾಯಿಗೆ ಹಾಕಿ ಉಗಿದ. ಎರಡನೆಯದು ತೆಗೆದ, ಮೂರನೆಯದು ತೆಗೆದ. ಆಮೇಲೆ ನೆಲದ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತ.

ಅಕ್ಕ ಕರಗಿದಳು. ಎಷ್ಟಾದರೂ ಗಂಡ. ಕೂಸಿನ ಹೊಟ್ಟೆ ನೆನೆದು ಅಳುತ್ತಿದ್ದಾನೆ ಎಂದುಕೊಂಡು ಅವನ ಭುಜದ ಮೇಲೆ ಕೈ ಇಟ್ಟಳು.

"ಹುಳಿಯಾಗ್ಬಿಟ್ಟಿದೆ ಕಣೇ," ಎಂದ ಅವನು. "ಮೂರೂ ಹುಳಿಯಾಗ್ಬಿಟ್ಟಿದೆ."

ಅಕ್ಕ ಕೈ ತೆಗೆದಳು. "ಎಲ್ಲಾ ತಿಪ್ಪೆಗೆ ಸುರಿ ತಮ್ಮಾ. ಒಂದೂ ಬಿಡ್ಬೇಡ," ಎಂದು ನನಗೆ ಹೇಳಿ ಒಳಗೆ ಹೋದಳು. ಮಾರನೆಯ ದಿನ ಭಾವ ದಂಡಿಗೆ ಹೊರಟುಹೋದ. ತಿರುಗಿ ಆ ಮನೆಯ ಹೊಸಿಲು ತುಳಿಯಲಿಲ್ಲ. ಅಕ್ಕ ಕಂಡವರ ಹೊಲದಲ್ಲಿ ಕೂಲಿ ಮಾಡಿ ಆ ವರ್ಷ ದಾಟಿದಳು. ನನ್ನ ಸಂಬಳದಲ್ಲಿ ಕೊಟ್ಟದ್ದನ್ನು ಒಂದು ತಿಂಗಳು ತೆಗೆದುಕೊಂಡರೆ ಇನ್ನೊಂದು ತಿಂಗಳು ಬೇಡ ಎನ್ನುವಳು.

ಬಿಳಿಯರು ದೇಶ ಬಿಟ್ಟ ಮೇಲೆ ನನಗೆ ಹೊಸಕೋಟೆಗೆ ವರ್ಗವಾಯಿತು. ಒಂದು ಸಂಜೆ ಮದರಾಸು ರಸ್ತೆಯಲ್ಲಿ ಬಸ್ಸಿಗೆ ನಿಂತಿದ್ದಾಗ ಯಾರೋ "ಮೇಷ್ಟ್ರೇ" ಎಂದರು. ಅದೇ ಕೋಟು, ಒಂದೂ ಗುಂಡಿ ಇಲ್ಲ. ಹಲ್ಲು ಉದುರಿ ಮುಖ ಒಳಕ್ಕೆ ಹೋಗಿತ್ತು.

"ಮಗು ಬೆಳ್ದಿರ್ಬೇಕು," ಎಂದ. ಉತ್ತರಕ್ಕೂ ಕಾಯಲಿಲ್ಲ. "ಒಂದ್ ಮಾತು ಕೇಳ್ಬೇಕು ಅಂತ ಎಷ್ಟೋ ವರ್ಷದಿಂದ ಇತ್ತು ಕಣೋ. ಮಿಕ್ಕ ಬಾಟ್ಲಿ ಸುರಿದವನು ನೀನೇ ಅಲ್ವಾ? ಎಲ್ಲಾ ಹುಳೀನಾ? ಒಂದಾದ್ರೂ ಚೆನ್ನಾಗಿತ್ತಾ?"

ಅಕ್ಕ ಹೇಗಿದ್ದಾಳೆ ಎಂದು ಕೇಳಲಿಲ್ಲ, ಆ ಪಾಪಿ.

ಅವತ್ತು ಸುರಿಯುವಾಗ ನಾನು ಒಂದು ಬಾಟ್ಲಿಯನ್ನು ಚೀಲಕ್ಕೆ ಇಳಿಸಿಕೊಂಡಿದ್ದೆ. ದೊಡ್ಡಬಳ್ಳಾಪುರದ ನನ್ನ ಕೋಣೆಯಲ್ಲಿ, ಭಾನುವಾರ ಮಧ್ಯಾಹ್ನ, ಕದ ಹಾಕಿಕೊಂಡು ತೆಗೆದೆ. ರಬ್ಬರು ಗಟ್ಟಿಯಾಗಿತ್ತು. ಬಿಸಿಲಿಗೆ ಹಿಡಿದರೆ ಒಳಗೆ ಕೆಂಪು. ಬೆಲ್ಲದ ಪಾಕ ಬಂತು. ಸೀದ ರೊಟ್ಟಿಯ ಅಂಚು ಬಂತು. ಕೊನೆಗೆ ಒಂಚೂರೇ ಕಹಿ ಬಂದು ಎಲ್ಲವನ್ನೂ ಒರೆಸಿಕೊಂಡು ಹೋಯಿತು. ಆ ಹಾಳಾದವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅಂಥ ರುಚಿಯನ್ನು ನಾನು ಮತ್ತೆ ಕಂಡಿಲ್ಲ.

"ಎಲ್ಲಾ ಹುಳಿ," ಎಂದೆ. "ಒಂದೂ ಚೆನ್ನಾಗಿರ್ಲಿಲ್ಲ ಭಾವ. ಮೋರಿ ನೀರಿನ ಥರ ನಾರ್‍ತಿತ್ತು."

ಬಸ್ಸು ಬಂತು. ನಾನು ಹತ್ತಿ ಕೂತೆ, ಹಿಂದಕ್ಕೆ ತಿರುಗಿ ನೋಡಲಿಲ್ಲ. ಅಕ್ಕನ ಸಲುವಾಗಿ ನನ್ನ ಕೈಯಲ್ಲಿ ಆದದ್ದು ಅದೊಂದೇ.