ಒಂದೇ ಹರಿವಾಣದ ಮುಂದೆ

ನೆಲಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ನಡುವೆ ಅನ್ನ, ಕುರಿಮಾಂಸ ತುಂಬಿದ ದೊಡ್ಡ ಹರಿವಾಣ ಬಂತು. ಸುತ್ತ ಕುಳಿತವರ ಕೈಗಳೆಲ್ಲ ಅದರೊಳಗೆ ಇಳಿದವು. ನನ್ನ ಕೈ ಮಾತ್ರ ಮಂಡಿಯ ಮೇಲೇ ಉಳಿಯಿತು. ಸೌದಿ ಅರೇಬಿಯಾದ ಖಮೀಸ್ ಮುಶೈತ್‌ನಲ್ಲಿ ನನ್ನ ಮ್ಯಾನೇಜರ್ ಮನೆ ಅದು. ನನ್ನ ಕೆಲಸದ ಕರಾರು ಮುಂದುವರಿಯಲು ಅದೇ ವಾರ ಅವರ ಸಹಿ ಬೀಳಬೇಕಿತ್ತು.

ಮಾಂಸ ನನಗೆ ಹೊಸದಲ್ಲ. ಎಂಜಲು ಎಂಬ ಮಡಿವಂತಿಕೆಯನ್ನು ವಿಶ್ವವಿದ್ಯಾಲಯದಲ್ಲೇ ವಾದ ಮಾಡಿ ತಳ್ಳಿಹಾಕಿದ್ದವನು ನಾನು. ಆದರೂ ಬಾಯಿಗೆ ಹೋಗಿ ಮತ್ತೆ ಅನ್ನಕ್ಕೆ ಇಳಿಯುತ್ತಿದ್ದ ಬೆರಳುಗಳಿಂದ ಕಣ್ಣು ಕೀಳಲಾಗಲಿಲ್ಲ.

"ಎಂತ ಮಾರಾಯ, ಮುಹೂರ್ತ ನೋಡ್ತಿದ್ದೀಯಾ? ಅವರು ನಿನ್ನನ್ನೇ ನೋಡ್ತಿದ್ದಾರೆ, ಕೈ ಹಾಕು!" ಪಕ್ಕದಲ್ಲಿದ್ದ ಉಡುಪಿಯ ಸಹೋದ್ಯೋಗಿ ಸದಾಶಿವಣ್ಣ ಪಿಸುಗುಟ್ಟಿದರು.

ಮ್ಯಾನೇಜರ್ ಅವರ ವೃದ್ಧ ತಂದೆ ನನ್ನ ಮುಂದಿನ ಅನ್ನದಲ್ಲಿ ಬೆರಳಿನಿಂದ ಒಂದು ಗೆರೆ ಎಳೆದು, ಒಳ್ಳೆಯ ತುಂಡೊಂದನ್ನು ಬಿಡಿಸಿ ನನ್ನ ಕಡೆಗೆ ಇಟ್ಟರು. ಆಗಷ್ಟೇ ಗಮನಿಸಿದೆ: ಯಾರ ಕೈಯೂ ತಮ್ಮ ಮುಂದಿನ ಪಾಲನ್ನು ದಾಟುತ್ತಿರಲಿಲ್ಲ. ಗೆರೆ ಎಳೆದದ್ದು ಅವರು ಉಣ್ಣುತ್ತಿದ್ದ ಬೆರಳಿನಿಂದಲೇ. ಆದರೂ ಉಂಡೆ.

ಕರಾರು ಮುಂದುವರಿಯಿತು. ಗೆರೆಗಿರೆ ಯಾರೂ ಎಳೆಯಲಿಲ್ಲ ಎಂದು ಸದಾಶಿವಣ್ಣ ಈಗಲೂ ವಾದಿಸುತ್ತಾರೆ. ನನ್ನ ನೆನಪನ್ನು ನಾನೂ ಪೂರ್ತಿ ನಂಬಲಾರೆ. ಕೈ ಮಂಡಿಯ ಮೇಲೆ ಉಳಿದಿದ್ದು ಮಾತ್ರ ಖಚಿತ. ಅದನ್ನು ಆ ಹಿರಿಯರು ಎಷ್ಟು ಹೊತ್ತು ನೋಡುತ್ತಿದ್ದರೋ ಎಂದು ಊಟಕ್ಕೆ ಕುಳಿತಾಗಲೆಲ್ಲ ಕಳವಳವಾಗುತ್ತದೆ.